ಇನ್ನೊಮ್ಮೆ ಕೇಳುತ್ತಾರೆ ಎಂದುಕೊಂಡಿದ್ದೆ

ನಾನು ಕಾಲಿಡದ ಹಳ್ಳಿಗಳಿಗೆ ಅಂಕ ಹಾಕುವುದು ಆಗ ನನ್ನ ಕೆಲಸವಾಗಿತ್ತು. ಅಮೆರಿಕದ ಡೆಟ್ರಾಯಿಟ್ ಹತ್ತಿರದ ನೋವೈಯ ನಮ್ಮ ಮನೆಯ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಪಕ್ಕದಲ್ಲಿ ಆರಿದ ಕಾಫಿ ಇಟ್ಟುಕೊಂಡು, ಯುರೋಪಿನ ಒಂದು ಮೂಲೆಯ ದನದ ಕೊಟ್ಟಿಗೆಗಳ ಫೋಟೋ ನೋಡುತ್ತ ಕೂತಿರುತ್ತಿದ್ದೆ. ಆ ಪುಟ್ಟ ದೇಶ ಯುರೋಪಿನ ಒಕ್ಕೂಟಕ್ಕೆ ಸೇರಬೇಕೆಂದು ವರ್ಷಗಳಿಂದ ಬಾಗಿಲಲ್ಲಿ ನಿಂತಿತ್ತು. ಸೇರುವ ಹೊತ್ತಿಗೆ ಅಲ್ಲಿನ ಬೇಸಾಯ, ಹೈನು, ಹಳ್ಳಿ ರಸ್ತೆ ಎಲ್ಲವೂ ಒಕ್ಕೂಟದ ಮಟ್ಟಕ್ಕೆ ಏರಿರಲಿ ಎಂದು ಮುಂಚಿತವಾಗಿಯೇ ನೆರವು ಕೊಡುತ್ತಿದ್ದರು. ಸಂಬಂಧ ಇನ್ನೂ ಗಟ್ಟಿಯಾಗುವ ಮೊದಲೇ ಬೀಗರ ಮನೆಗೆ ಸುಣ್ಣ ಬಳಿಸಿಕೊಟ್ಟ ಹಾಗೆ. ಆ ನೆರವಿನಿಂದ ಹಳ್ಳಿಗಳಲ್ಲಿ ನಿಜವಾಗಿ ಏನಾಯಿತು ಎಂದು ಅಳೆದು ಹೇಳುವ ದೊಡ್ಡ ಗುತ್ತಿಗೆಯ ಒಂದು ತುಂಡು ಶಿಕಾಗೋದ ನಮ್ಮ ಸಣ್ಣ ಕಂಪನಿಗೆ ಸಿಕ್ಕಿತ್ತು. ಆ ತುಂಡಿನ ಒಂದು ಚೂರು ನನ್ನ ಪಾಲಿಗೆ ಬಂದಿತ್ತು.

ನಾನು ಓದಿದ್ದು ಕೃಷಿ ಅರ್ಥಶಾಸ್ತ್ರ, ಬೆಂಗಳೂರಿನಲ್ಲಿ. ಓದು ಮುಗಿದ ಮೇಲೆ ಮದುವೆಯಾಗುವ ತನಕ ಮದ್ದೂರು, ಮಳವಳ್ಳಿ ಸುತ್ತಿನ ಹಳ್ಳಿಗಳಲ್ಲಿ ಹಾಲಿನ ಸಂಘಗಳ ಅಧ್ಯಯನಕ್ಕೆಂದು ಓಡಾಡಿದೆ. ಬೆಳಗಿನ ಬಸ್ಸಿನಲ್ಲಿ ಹೋಗಿ, ಯಾರದೋ ಮನೆಯ ಜಗುಲಿಯ ಮೇಲೆ ಕೂತು, ಹಸು ಎಷ್ಟು ಕರೆಯುತ್ತದೆ, ದುಡ್ಡು ಯಾರ ಕೈಗೆ ಹೋಗುತ್ತದೆ ಎಂದು ಕೇಳುವುದು. ನನ್ನ ಜೊತೆಗಿದ್ದ ಹಿರಿಯ ಮೇಡಂ ಒಬ್ಬರು ಮೊದಲ ದಿನವೇ ಹೇಳಿಕೊಟ್ಟಿದ್ದರು: "ಮೊದಲನೇ ಉತ್ತರ ಬರ್ಕೋಬೇಡ ಕಣಮ್ಮ. ಅದು ಸಂಕೋಚಕ್ಕೆ ಹೇಳೋದು. ಇನ್ನೊಂದ್ಸಲ ಕೇಳು." ಅವರು ಹೇಳಿದ್ದು ನಿಜವಾಗಿತ್ತು. ಸಂಘದಿಂದ ಏನಾದರೂ ತೊಂದರೆ ಉಂಟಾ ಎಂದು ಕೇಳಿದರೆ ಹೆಂಗಸರು "ಏನಿಲ್ಲ ಬುಡಿ" ಎನ್ನುತ್ತಿದ್ದರು. ಎರಡನೆಯ ಸಲ ಕೇಳಿದರೆ ಸೆರಗು ಸರಿಮಾಡಿಕೊಳ್ಳುತ್ತಿದ್ದರು. ಮೂರನೆಯ ಸಲಕ್ಕೆ ಮಾತು ಹೊರಡುತ್ತಿತ್ತು, ಆಮೇಲೆ ನಿಲ್ಲುತ್ತಿರಲಿಲ್ಲ.

ನನ್ನ ಬದುಕಿನಲ್ಲಿ ನಾನು ಅತಿ ಖುಷಿಯಾಗಿದ್ದ ಕಾಲ ಅದು. ಇದನ್ನು ಗಂಡನ ಎದುರಿಗೂ ಹೇಳಿದ್ದೇನೆ, ಅವರು ಬೇಜಾರು ಮಾಡಿಕೊಂಡಿಲ್ಲ. ಅಮೆರಿಕಕ್ಕೆ ಬಂದು ಹತ್ತು ವರ್ಷವಾದರೂ ನನಗೆ ಮನೆಯವರ ನೆನಪಿಗಿಂತ ಹೆಚ್ಚಾಗಿ ಕಾಡುತ್ತಿದ್ದದ್ದು ಆ ಜಗುಲಿಗಳು. ಅಪ್ಪ ಅಮ್ಮನ ಜೊತೆ ವಾರಕ್ಕೊಮ್ಮೆ ಫೋನಿನಲ್ಲಿ ಮಾತಾಡಬಹುದಿತ್ತು, ಜಗುಲಿಗೆ ಫೋನ್ ಮಾಡುವುದು ಹೇಗೆ? ಸೋಮವಾರ ನಸುಕಿಗೆ ಹೊರಟು ಶಿಕಾಗೋಗೆ ಡ್ರೈವ್ ಮಾಡಿಕೊಂಡು ಹೋಗುತ್ತಿದ್ದೆ, ಬುಧವಾರ ಸಂಜೆ ವಾಪಸ್ಸು ಬರುತ್ತಿದ್ದೆ, ಉಳಿದ ದಿನ ಮನೆಯಿಂದಲೇ ಕೆಲಸ. ಐ-೯೪ ಹೆದ್ದಾರಿಯಲ್ಲಿ ಇನ್ನೂರು ಚಿಲ್ಲರೆ ಮೈಲಿ, ಎರಡೂ ಕಡೆ ಮುಸುಕಿನ ಜೋಳದ ಹೊಲ, ಸೋಯಾ ಹೊಲ, ದೊಡ್ಡ ಸರೋವರ ಹತ್ತಿರವಾದಂತೆ ದ್ರಾಕ್ಷಿ ತೋಟ. ಹೊಲಗಳು ಮಾತ್ರ ಇದ್ದವು, ಹೊಲದಲ್ಲಿ ಜನ ಇರಲಿಲ್ಲ. ಒಂದು ಸಲ ತಡೆಯಲಾಗದೆ ಕಲಮಜೂ ಊರು ದಾಟಿದ ಮೇಲೆ ಒಂದು ಎಕ್ಸಿಟ್ ತೆಗೆದುಕೊಂಡು ಇಳಿದೆ. ರಸ್ತೆ ಬದಿಯಲ್ಲಿ ಜೋಳದ ತೆನೆ ಮಾರಾಟಕ್ಕಿಟ್ಟಿದ್ದರು. ಮಾರುವವರು ಯಾರೂ ಇಲ್ಲ, ಒಂದು ತಗಡಿನ ಡಬ್ಬಿ ಇತ್ತು, ದುಡ್ಡು ಅದರೊಳಗೆ ಹಾಕಿ ತೆನೆ ತೆಗೆದುಕೊಂಡು ಹೋಗಬೇಕು. ಅವರ ನಂಬಿಕೆ ದೊಡ್ಡದು, ಒಪ್ಪುತ್ತೇನೆ. ನನಗೆ ತೆನೆ ಬೇಕಿರಲಿಲ್ಲ, ಈ ಸಲ ಮಳೆ ಹೇಗಿತ್ತು ಎಂದು ಯಾರನ್ನಾದರೂ ಕೇಳಬೇಕಿತ್ತು. ಸ್ವಲ್ಪ ಹೊತ್ತು ನಿಂತು ನೋಡಿದೆ, ಯಾರೂ ಬರಲಿಲ್ಲ, ತೆನೆ ತೆಗೆದುಕೊಂಡು ಹೊರಟೆ.

ಕಾರು ಕಂಪನಿಗಳು ಮುಳುಗುತ್ತಿದ್ದ ಆ ವರ್ಷಗಳು ಡೆಟ್ರಾಯಿಟ್ ಸುತ್ತಮುತ್ತ ಎಂಥವು ಎಂದು ಅಲ್ಲಿದ್ದವರಿಗೆ ಹೇಳಬೇಕಾಗಿಲ್ಲ. ನಮ್ಮ ಬಡಾವಣೆಯಲ್ಲೇ ಮಾರಾಟದ ಬೋರ್ಡು ನೆಟ್ಟ ಮನೆಗಳು ಹಾದಿಯುದ್ದಕ್ಕೂ ಕಾಣುತ್ತಿದ್ದವು. ಪಕ್ಕದ ವಿಕ್ಸಮ್ ಕಡೆ ಹೋದರೆ ಕಾರ್ಖಾನೆ ಶೆಡ್ಡುಗಳ ಮುಂದಿನ ಪಾರ್ಕಿಂಗ್ ಲಾಟಿನಲ್ಲಿ ಹುಲ್ಲು ಎದ್ದಿತ್ತು. ದೇವಸ್ಥಾನದಲ್ಲಿ ಮಂಗಳಾರತಿ ಮುಗಿದ ಮೇಲೆ ಗಂಡಸರು ಶೂ ರ‍್ಯಾಕಿನ ಹತ್ತಿರ ಗುಂಪು ನಿಂತು, ಯಾರ ಕೆಲಸ ಹೋಯಿತು, ಯಾರದು ಉಳಿಯಿತು ಎಂದು ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು. ನನ್ನ ಗಂಡ ವಾರೆನ್‌ನಲ್ಲಿ ಕಾರಿನ ಬ್ರೇಕು ವಿಭಾಗದ ಇಂಜಿನಿಯರ್. ಅವರದು ಚಳಿಗಾಲದಲ್ಲಿ ಹೋಯಿತು. ಅಂದಿನಿಂದ ಅಡುಗೆಮನೆ ಅವರದಾಯಿತು. ಬ್ರೇಕು ಪರೀಕ್ಷೆ ಮಾಡುವ ಶ್ರದ್ಧೆಯಲ್ಲೇ ಹುಳಿಪುಡಿ ಹುರಿಯುತ್ತಿದ್ದರು, ಕಡಲೆಬೇಳೆ ಒಂದು ಚೂರು ಕಪ್ಪಾದರೆ ಇಡೀ ಬಾಣಲೆ ಚೆಲ್ಲಿ ಮತ್ತೆ ಹುರಿಯುತ್ತಿದ್ದರು. "ಎಲ್ಲ ಕಡೆ ಅಪ್ಲೈ ಮಾಡಿದೀನಿ ಕಣೇ, ಬರತ್ತೆ" ಎನ್ನುತ್ತಿದ್ದರು. ನಾನು ಹೂಂ ಎನ್ನುತ್ತಿದ್ದೆ. ಮನೆ ನಡೆಯುತ್ತಿದ್ದದ್ದು ನಾನು ನೋಡದ ಹಳ್ಳಿಗಳ ದಯೆಯಿಂದ.

ಕೆಲಸದ ತಿರುಳು ಒಂದು ಪ್ರಶ್ನೆ. ನೆರವು ಪಡೆದ ರೈತನನ್ನು ಕೇಳಬೇಕು: ಈ ನೆರವು ಸಿಗದೇ ಇದ್ದಿದ್ದರೆ ನೀವು ಇದನ್ನು ಕಟ್ಟುತ್ತಿದ್ದಿರಾ? ಇಲ್ಲ ಎಂದರೆ ನೆರವು ಸಾರ್ಥಕ. ಹೌದು, ಹೇಗೂ ಕಟ್ಟುತ್ತಿದ್ದೆ ಎಂದರೆ ಆ ನೆರವು ದಂಡ, ತುಂಬಿದ ಕೊಡಕ್ಕೆ ನೀರು ಸುರಿದಂತೆ. ಕಾಗದದ ಮೇಲೆ ಇಷ್ಟು ಸಲೀಸು. ಫೋಟೋಗಳಲ್ಲಿ ನನಗೆ ಕಾಣುತ್ತಿದ್ದದ್ದು ಬಿಳಿ ಟೈಲ್ಸ್ ಹಾಕಿದ ಗೋಡೆ, ಹಾಲು ತಣ್ಣಗಿಡುವ ಸ್ಟೀಲ್ ಟ್ಯಾಂಕು, ಕೈ ತಾಗಿಸದೆ ಮೊಣಕಾಲಿನಿಂದ ಒತ್ತಿ ಬಿಡುವ ನಲ್ಲಿ. ಯಾವ ಫೋಟೋದಲ್ಲೂ ಮನುಷ್ಯರಿಲ್ಲ. ಫೋಟೋ ತೆಗೆಯುವಾಗ ಪಕ್ಕಕ್ಕೆ ಸರಿಯಿರಿ ಎಂದು ಯಾರೋ ಹೇಳಿರಬೇಕು. ಒಂದರಲ್ಲಿ ಮಾತ್ರ ಬಾಗಿಲಿನ ಅಂಚಿನಲ್ಲಿ ಒಂದು ರಬ್ಬರ್ ಬೂಟಿನ ತುದಿ ಕಾಣುತ್ತಿತ್ತು. ಬೆಟ್ಟದ ಹಳ್ಳಿಯೊಂದರಲ್ಲಿ ಚೀಸ್ ಮಾಡುವ ಹೆಂಗಸೊಬ್ಬಳ ಹೊಸ ಕೋಣೆ ಅದು. ಆ ಬೂಟಿನ ತುದಿಯನ್ನು ನಾನು ಎಷ್ಟು ಸಲ ದೊಡ್ಡದು ಮಾಡಿ ನೋಡಿದ್ದೇನೋ.

ವಸಂತ ಬರುವ ಹೊತ್ತಿಗೆ ಆಫೀಸಿನಲ್ಲಿ ಸುದ್ದಿ ಬಂತು. ಫೋಟೋ ನೋಡಿ ಅಂಕ ಹಾಕಿದರೆ ಸಾಲದು, ಒಬ್ಬರು ಹೋಗಿ ಹಳ್ಳಿ ಹಳ್ಳಿ ಸುತ್ತಿ ಬರಬೇಕು, ಖರ್ಚು ಗುತ್ತಿಗೆ ಕೊಟ್ಟವರದು. ಆ ಪ್ರಶ್ನೆಗಳನ್ನು ಬರೆದವಳು ನಾನು. ಹಾಲಿನ ಅಧ್ಯಯನ ಮಾಡಿದ್ದವಳು ಅಲ್ಲಿ ನಾನೊಬ್ಬಳೇ. ಗಂಡ ಮನೆಯಲ್ಲೇ ಇದ್ದರು, ಮಗಳನ್ನು ನೋಡಿಕೊಳ್ಳಲು ತೊಂದರೆಯಿರಲಿಲ್ಲ. "ಹೋಗ್ಬಾ, ನಿನ್ನ ಜಗುಲಿ ಆಸೆ ತೀರ್ಲಿ" ಎಂದು ಅವರೇ ಹೇಳಿದ್ದರು. ನಾನು ಆಗಲೇ ಪೇಟೆಗೆ ಹೋಗಿ ಒಂದು ಜೊತೆ ರಬ್ಬರ್ ಬೂಟು ಕೊಂಡು ಗ್ಯಾರೇಜಿನಲ್ಲಿ ಮುಚ್ಚಿಟ್ಟಿದ್ದೆ.

ಈಗ ಒಂದು ಹಳೆಯ ಕಥೆ ಹೇಳಬೇಕು. ನಾವು ಅಮೆರಿಕಕ್ಕೆ ಬಂದ ಹೊಸದರಲ್ಲಿ ಪಕ್ಕದ ಮನೆಯ ದಂಪತಿ ನಮ್ಮನ್ನು ಸಂಜೆ ಕರೆದಿದ್ದರು. ಆಕೆ ಬಿಸಿ ಆಪಲ್ ಪೈ ತಟ್ಟೆ ಹಿಡಿದು ಬಂದು, ತಿನ್ನುತ್ತೀರಾ ಎಂದರು. ನಾವಿಬ್ಬರೂ ಒಂದೇ ಬಾಯಲ್ಲಿ, ಬೇಡ ಬೇಡ, ಈಗ ತಾನೇ ತಿಂದು ಬಂದೆವು ಎಂದೆವು. ಹೊಟ್ಟೆ ಹಸಿದಿತ್ತು. ನಮ್ಮ ಕಡೆ ಆಗಿದ್ದರೆ, ಅಯ್ಯೋ ಅದೆಂಥದ್ದು ಇಷ್ಟಾದರೂ ತಗೊಳ್ಳಿ ಎಂದು ತಟ್ಟೆಗೆ ಹಾಕಿಯೇ ಬಿಡುತ್ತಿದ್ದರು. ಸಾಕು ಎಂದು ಎಲೆಗೆ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಲ್ಲಿ ಬಡಿಸುವ ಜನ ನಾವು. ಆಕೆ ಮಾತ್ರ, ಓಕೆ ಎಂದು ನಕ್ಕು, ತಟ್ಟೆಯನ್ನು ಒಳಗೆ ತೆಗೆದುಕೊಂಡು ಹೋಗಿಬಿಟ್ಟರು. ಮನೆಗೆ ಬಂದು ಮೊಸರನ್ನ ಕಲಸಿಕೊಂಡು ತಿಂದು, ಕಣ್ಣಲ್ಲಿ ನೀರು ಬರುವ ತನಕ ನಕ್ಕೆವು. ಆಮೇಲೆ ಕಲಿತೆವು. ಬೇಕಾದರೆ ಬೇಕು ಎನ್ನಬೇಕು. ಅಂಗಡಿಯಲ್ಲಿ, ಆಫೀಸಿನಲ್ಲಿ, ಡಾಕ್ಟರ ಹತ್ತಿರ, ಎಲ್ಲ ಕಡೆ ಕಲಿತೆವು. ಕಲಿತಿದ್ದೇನೆ ಎಂದೇ ನಾನು ತಿಳಿದಿದ್ದೆ.

ಒಂದು ಸೋಮವಾರ ಮಧ್ಯಾಹ್ನ ನಮ್ಮ ಡೈರೆಕ್ಟರು ನನ್ನ ಮೇಜಿನ ಹತ್ತಿರ ಬಂದರು. ಒಳ್ಳೆಯ ಮನುಷ್ಯ, ಮಾತು ಕಡಿಮೆ. "ಹಳ್ಳಿ ಸುತ್ತಲು ಒಬ್ಬರು ಬೇಕು. ನೀವು ಹೋಗುತ್ತೀರಾ? ಮನೆಯಲ್ಲಿ ಕಷ್ಟದ ಸಮಯ ಎಂದು ಗೊತ್ತು" ಎಂದರು.

ಸುದ್ದಿ ಬಂದಾಗಿನಿಂದ ಕಾದಿದ್ದ ಮಾತು ಅದು. ನನ್ನ ಬಾಯಿ ತೆರೆಯಿತು, ಬಂದದ್ದು ಹೀಗೆ: "ಅಯ್ಯೋ, ಪರವಾಗಿಲ್ಲ, ನನಗೇ ಆಗಬೇಕೆಂದೇನಿಲ್ಲ. ಯಾರಿಗೆ ಅನುಕೂಲವೋ ಅವರು ಹೋಗಲಿ." ಇಂಗ್ಲಿಷಿನಲ್ಲೇ ಹೇಳಿದೆ, ಹೇಳಿದ ರೀತಿ ಮಾತ್ರ ನಮ್ಮೂರಿನದು. ಹೇಳಿ ಮುಗಿಸಿ, ತಲೆ ಸ್ವಲ್ಪ ತಗ್ಗಿಸಿ, ಅವರು ಇನ್ನೊಮ್ಮೆ ಕೇಳುವುದನ್ನು ಕಾದೆ. ಹಾಗಲ್ಲ, ನೀವೇ ಹೋಗಬೇಕು ಎನ್ನುತ್ತಾರೆ, ಆಗ ಸರಿ ನೀವು ಇಷ್ಟು ಹೇಳುತ್ತೀರಲ್ಲ ಎನ್ನಬೇಕು ಎಂದು ಮನಸ್ಸು ಆಗಲೇ ಮುಂದಿನ ಮಾತನ್ನು ಜೋಡಿಸಿಕೊಂಡಿತ್ತು. ಅವರು "ಸರಿ. ಮುಚ್ಚುಮರೆಯಿಲ್ಲದೆ ಹೇಳಿದ್ದಕ್ಕೆ ಥ್ಯಾಂಕ್ಸ್" ಎಂದು ಹೊರಟುಹೋದರು.

ಬೇರೆ ಎಲ್ಲ ವಿಷಯಕ್ಕೂ ನನ್ನ ನಾಲಿಗೆ ಅಮೆರಿಕಕ್ಕೆ ಒಗ್ಗಿತ್ತು. ತೀರಾ ಆಸೆಪಟ್ಟ ವಿಷಯ ಬಂದಾಗ ಅದು ತವರಿಗೆ ಓಡಿಹೋಯಿತು. ಸಂಜೆಯವರೆಗೂ ನಾನು ಅವರು ವಾಪಸ್ಸು ಬರುತ್ತಾರೆ ಎಂದು ಕಾದೆ, ನೀರು ಕುಡಿಯಲು ಕೂಡ ಎದ್ದು ಹೋಗದೆ. ಅವರು ಎರಡು ಸಲ ನನ್ನ ಮೇಜಿನ ಪಕ್ಕದಲ್ಲೇ ಹಾದು ಹೋದರು, ಎರಡನೆಯ ಸಲ ಸ್ಟೇಪ್ಲರ್ ಕೇಳಿದರು.

ರಾತ್ರಿ ಹೋಟೆಲಿನಲ್ಲಿ ನನ್ನನ್ನು ನಾನೇ ಬೈದುಕೊಂಡು, ಬೆಳಗ್ಗೆ ಎದ್ದ ಕೂಡಲೇ ಹೋಗಿ ನನಗೆ ಹೋಗಬೇಕು ಎಂದು ಹೇಳಿಬಿಡುವುದು ಎಂದು ತೀರ್ಮಾನ ಮಾಡಿದೆ. ನಾಚಿಕೆ ಸುಡಲಿ. ಆದರೆ ಮಂಗಳವಾರ ಬೆಳಗ್ಗೆ ನಾನು ಕೋಟು ಬಿಚ್ಚುವ ಮೊದಲೇ ನನ್ನ ಸಹೋದ್ಯೋಗಿ ಬಂದು ಎದುರಿಗೆ ನಿಂತರು. ಐವತ್ತು ದಾಟಿದ ಅಮೆರಿಕನ್, ಅಂಕಿಅಂಶ ನೋಡಿಕೊಳ್ಳುತ್ತಿದ್ದವರು. ಅವರ ಅಕ್ಕಪಕ್ಕದ ಕುರ್ಚಿಗಳೆರಡೂ ಆ ತಿಂಗಳು ಖಾಲಿಯಾಗಿದ್ದವು, ಮುಂದಿನ ಸರದಿ ಅವರದೇ ಎಂದು ಆಫೀಸಿನಲ್ಲಿ ಎಲ್ಲರಿಗೂ ಗೊತ್ತಿತ್ತು, ಅವರಿಗೂ. "ನಿನ್ನೆ ಸಂಜೆ ನನ್ನನ್ನು ಹೋಗು ಎಂದರು. ನೀವು ಬೇರೆಯವರು ಹೋಗಲಿ ಎಂದಿರಂತೆ. ಯಾಕೆ ಹಾಗೆ ಹೇಳಿದಿರಿ ಎಂದು ನನಗೆ ಗೊತ್ತು" ಎಂದರು. ಅವರ ದನಿ ಒಡೆಯಿತು. ಈ ಕೆಲಸ ಕೈಯಲ್ಲಿರುವ ತನಕ ಅವರನ್ನು ಯಾರೂ ತೆಗೆಯುವಂತಿರಲಿಲ್ಲ. ನಾನು ಅದಕ್ಕಾಗಿಯೇ ಬಿಟ್ಟುಕೊಟ್ಟೆ ಎಂದು ಅವರು ನಂಬಿದ್ದರು.

ಇಲ್ಲ ಮಾರಾಯರೇ, ಅದು ಉಪಚಾರದ ಮಾತು ಎಂದು ಹೇಳುವುದು ಹೇಗೆ? ಚಳಿಗಾಲದಿಂದಲೂ ಮನೆಯಲ್ಲಿ ಕೆಲಸ ಕಳೆದುಕೊಂಡ ಮುಖವನ್ನು ನೋಡುತ್ತಿದ್ದವಳು ನಾನು. ಅವರು ನನ್ನ ಕೈ ಹಿಡಿದು ಕುಲುಕಿದರು. ಚಳಿಯಿದೆ, ಒಳ್ಳೆಯ ಬೂಟು ತೆಗೆದುಕೊಂಡು ಹೋಗಿ ಎಂದೆ.

ಬುಧವಾರ ಸಂಜೆ ಮನೆಗೆ ಬಂದಾಗ ಗಂಡ ಒಲೆಯ ಮುಂದೆ ಇದ್ದರು, ಮಗಳು ಮೇಜಿನಲ್ಲಿ ಹೋಮ್‌ವರ್ಕ್ ಮಾಡುತ್ತಿದ್ದಳು. ನನ್ನ ಮುಖ ನೋಡಿಯೇ ಅವರು ಉರಿ ಸಣ್ಣ ಮಾಡಿದರು.

"ಏನಾಯ್ತು? ಕೇಳಿದ್ರಾ?"

"ಕೇಳಿದ್ರು."

"ಮತ್ತೆ?"

"ಪರವಾಗಿಲ್ಲ, ಬೇರೆಯವರು ಹೋಗ್ಲಿ ಅಂದೆ."

"ಆಮೇಲೆ?"

"ಆಮೇಲೇನು. ಸರಿ ಅಂದ್ರು."

ಅವರು ಸೌಟು ಕೆಳಗಿಟ್ಟರು. "ಅಲ್ಲ ಕಣೇ, ಅದೇನು ನಿಮ್ಮ ಸೋದರತ್ತೆ ಮನೇನಾ, ಬೇಡ ಅಂದ್ರೂ ಬಡಿಸೋಕೆ?"

ಮಗಳು ಪೆನ್ಸಿಲ್ ಕಚ್ಚುತ್ತ ನಮ್ಮಿಬ್ಬರನ್ನೂ ನೋಡಿ, "ಬಟ್ ಅಮ್ಮಾ, ಯು ವಾಂಟೆಡ್ ಟು ಗೋ. ವೈ ಡಿಡ್ ಯು ಸೇ ನೋ?" ಎಂದಳು. ಅವಳದು ಸಹಜವಾದ ಪ್ರಶ್ನೆ, ಆ ಊರಿನಲ್ಲಿ ಹುಟ್ಟಿದವಳು. ನಮ್ಮ ಆಂಟಿಯರು ಬೇಡವೆಂದರೂ ಬಡಿಸಿದಾಗ ಅವಳು ನಿಜವಾಗಿ ಗಾಬರಿಯಾಗುತ್ತಿದ್ದಳು. ಊಟ ಮಾಡು ಬಾ ಎಂದೆ ಅವಳಿಗೆ. ಅವತ್ತಿನ ಹುಳಿ ಚೆನ್ನಾಗಿತ್ತು, ನಾನು ಎರಡು ತುತ್ತಿಗೆ ಎದ್ದೆ.

ಸಹೋದ್ಯೋಗಿ ಹೋದರು. ಹೋದ ಕಡೆಯಿಂದ ಫೋನ್ ಮಾಡುತ್ತಿದ್ದರು, ಕೆಲವು ಮುಖ್ಯ ಭೇಟಿಗಳಲ್ಲಿ ನಾನೇ ಪ್ರಶ್ನೆ ಕೇಳಲಿ ಎಂದು ಅವರದೇ ಏರ್ಪಾಡು. ಅಲ್ಲಿನ ಮಧ್ಯಾಹ್ನ ನಮಗೆ ಬೆಳಗ್ಗೆ. ಚೀಸ್ ಮಾಡುವ ಹೆಂಗಸಿನ ಸರದಿ ಬಂದ ದಿನ ಮಗಳು ಸ್ಕೂಲಿಗೆ ಹೋಗಿದ್ದಳು, ಗಂಡ ಇಂಡಿಯನ್ ಅಂಗಡಿಯಿಂದ ತಂದ ಫ್ರೋಜನ್ ಅವರೆಕಾಳನ್ನು ನೀರಿಗೆ ಹಾಕಿ ಮೇಜಿನ ಆ ತುದಿಯಲ್ಲಿ ಕೂತು ಹಿಸುಕುತ್ತಿದ್ದರು. ಫೋನ್ ಸ್ಪೀಕರಿಗೆ ಹಾಕಿದೆ. ಅತ್ತ ಕಡೆ ಮೂವರು: ನನ್ನ ಸಹೋದ್ಯೋಗಿ, ಭಾಷೆ ತಿರುಗಿಸಿ ಹೇಳುವ ಒಬ್ಬ ನಿವೃತ್ತ ಇಂಗ್ಲಿಷ್ ಟೀಚರ್, ಮತ್ತು ಆಕೆ. ಮೊದಲು ಬಕೆಟ್ಟು ನೆಲದ ಮೇಲೆ ಎಳೆದ ಸದ್ದು ಕೇಳಿತು. ಆಮೇಲೆ ಎಲ್ಲೋ ಒಂದು ಹಸು ಕೂಗಿತು. ನನಗೆ ಅಳು ಬಂದುಬಿಟ್ಟಿತು. ನನಗೆ ಆ ಸಗಣಿಯ ವಾಸನೆ ಬೇಕಿತ್ತು, ಆಕೆ ಕೂತ ಬೆಂಚಿನ ಪಕ್ಕದಲ್ಲಿ ಒಂದು ಗೇಣು ಜಾಗ ಬೇಕಿತ್ತು, ಅಷ್ಟೇ.

ಹಸುಗಳ ಬಗ್ಗೆ, ಹಾಲಿನ ಬಗ್ಗೆ, ಹೊಸ ಕೋಣೆ ಕಟ್ಟಿದ ಬಗ್ಗೆ ಕೇಳಿದೆ. ಆಕೆ ಚುರುಕಾಗಿ ಹೇಳಿದಳು. ಕೊನೆಗೆ ಆ ಮುಖ್ಯ ಪ್ರಶ್ನೆಗೆ ಬಂದೆ. ನೆರವು ಸಿಗದಿದ್ದರೆ ಈ ಕೋಣೆ ಕಟ್ಟುತ್ತಿದ್ದಿರಾ?

"ಕಟ್ಟುತ್ತಿದ್ದರಂತೆ" ಎಂದರು ಟೀಚರ್.

ನನಗೆ ನಂಬಿಕೆ ಬರಲಿಲ್ಲ. ಎದುರಿಗೆ ಕೂತವರ ಮುಂದೆ, ನೀವಿಲ್ಲದಿದ್ದರೆ ನನ್ನ ಕೈಲಾಗುತ್ತಿರಲಿಲ್ಲ ಎಂದು ಯಾವ ಸ್ವಾಭಿಮಾನದ ಹೆಂಗಸು ಹೇಳುತ್ತಾಳೆ? ಮಳವಳ್ಳಿಯ ಜಗುಲಿಯ ಮೇಲೆ ಕೂತ ಹಾಗೆ ಮುಂದಕ್ಕೆ ಬಾಗಿ, ಮೆತ್ತಗೆ, ಇನ್ನೊಂದು ರೀತಿಯಲ್ಲಿ ಅದನ್ನೇ ಕೇಳಿದೆ. ಕಟ್ಟುತ್ತಿದ್ದೆ ಎಂದೇ ಉತ್ತರ ಬಂತು. ಮೂರನೆಯ ಸಲ, ಸಂಕೋಚ ಬೇಡ, ಕಷ್ಟವಿದ್ದರೆ ಹೇಳಬಹುದು ಎಂದು ಸೇರಿಸಿ ಕೇಳಿದೆ. ಅತ್ತ ಕಡೆ ಸ್ವಲ್ಪ ಗುಸುಗುಸು ನಡೆಯಿತು.

"ಫೋನು ಸರಿಯಾಗಿ ಕೇಳಿಸುತ್ತಿಲ್ಲವೇ ಎಂದು ಕೇಳುತ್ತಿದ್ದಾರೆ" ಎಂದರು ಟೀಚರ್. "ಬೇಕಾದರೆ ಗಟ್ಟಿಯಾಗಿ ಹೇಳುತ್ತಾರಂತೆ."

ಮೇಜಿನ ಆ ತುದಿಯಲ್ಲಿ ಗಂಡ ಬಾಯಿಗೆ ಕೈ ಅಡ್ಡ ಹಿಡಿದುಕೊಂಡರು. ನಾನು ವಿವರಿಸಬೇಕಾಯಿತು. ನಮ್ಮ ಕಡೆ ಒಂದು ಪದ್ಧತಿಯಿದೆ, ಮೊದಲ ಸಲ ಹೇಳಿದ್ದನ್ನು ಉತ್ತರ ಎಂದು ಹಿಡಿಯುವುದಿಲ್ಲ, ಬೇಡ ಎಂದವರನ್ನು ಮತ್ತೆ ಮತ್ತೆ ಕೇಳುವುದೇ ಮರ್ಯಾದೆ ಎಂದೆ. ಊಟಕ್ಕೆ ಬಡಿಸುವುದನ್ನೂ ಹೇಳಿದೆ. ಟೀಚರ್ ಅದನ್ನೆಲ್ಲ ತಿರುಗಿಸಿ ಹೇಳಿದರು. ಆಕೆ ಜೋರಾಗಿ ನಕ್ಕಳು.

"ನಿಮ್ಮಲ್ಲಿ ಊಟ ಮುಗಿಯಲು ಬಹಳ ಹೊತ್ತು ಹಿಡಿಯುತ್ತದೆ ಎನ್ನುತ್ತಿದ್ದಾರೆ. ಇಲ್ಲಿ ಒಂದೇ ಸಲ ಕೇಳುವುದಂತೆ. ಹಸಿದವರು ಹೌದು ಎನ್ನುತ್ತಾರೆ."

ಆಮೇಲೆ ಆಕೆ ತಾನೇ ಹೇಳಿದಳು. ಕೋಣೆ ಹೇಗೂ ಕಟ್ಟುತ್ತಿದ್ದೆ, ನಿಧಾನವಾಗುತ್ತಿತ್ತು, ಇಷ್ಟು ಬೆಳ್ಳಗಿರುತ್ತಿರಲಿಲ್ಲ. ಆದರೆ ನೆರವು ಬಂದದ್ದರಿಂದ ಜನ ಬಂದರು. ಅಳತೆಗೆ ಬಂದರು, ತಪಾಸಣೆಗೆ ಬಂದರು, ಕೂತು ಚೀಸ್ ತಿಂದರು, ಮಾತಾಡಿದರು. ಮೇಲಿನ ಈ ಮನೆಗೆ ಅಷ್ಟು ಜನ ಹಿಂದೆ ಎಂದೂ ಬಂದಿರಲಿಲ್ಲ. ಅದನ್ನು ಬರೆದುಕೊಳ್ಳಲು ನನ್ನ ಪ್ರಶ್ನೆಗಳಲ್ಲಿ ಜಾಗವಿರಲಿಲ್ಲ. ನಾನು ಬರೆದ ಪ್ರಶ್ನೆಗಳೇ ಅವು.

"ಇಷ್ಟೆಲ್ಲ ಕೇಳುವವರು ಯಾಕೆ ಬರಲಿಲ್ಲ?" ಎಂದು ಆಕೆ ಕೇಳಿದಳು.

ನಾನು ಮಾತಾಡುವ ಮೊದಲೇ ನನ್ನ ಸಹೋದ್ಯೋಗಿ, ಒಳ್ಳೆಯ ಮನಸ್ಸಿನಿಂದ, "ನನಗಾಗಿ ಬಿಟ್ಟುಕೊಟ್ಟರು" ಎಂದರು. ಟೀಚರ್ ಅದನ್ನು ಆಕೆಗೆ ಹೇಳಿದರು, ಆಕೆಯ ಮಾತನ್ನು ನನಗೆ ಹೇಳಿದರು. "ಹಾಗಾದರೆ ಅವರಿಗೆ ಬರುವ ಮನಸ್ಸಿರಲಿಲ್ಲವೇ ಎನ್ನುತ್ತಿದ್ದಾರೆ."

"ಇತ್ತು" ಎಂದೆ. "ನನಗೆ ತುಂಬಾ ಬರಬೇಕಿತ್ತು."

ಹೇಳಿಬಿಟ್ಟಿದ್ದೆ. ಡೈರೆಕ್ಟರಿಗೆ ಹೇಳಬೇಕಾಗಿದ್ದ ಮಾತು ಒಂದು ಗುರುತಿಲ್ಲದ ಹೆಂಗಸಿಗೆ ಹೋಯಿತು, ಅದೂ ಯಾರ ಕಿವಿಗೆ ಬೀಳಬಾರದೆಂದಿದ್ದೆನೋ ಅವರ ಎದುರಿಗೆ. ಗಂಡ ಅವರೆಕಾಳಿನ ಪಾತ್ರೆಯಿಂದ ಕೈ ತೆಗೆದು ನನ್ನನ್ನೇ ನೋಡುತ್ತಿದ್ದರು. ಆಕೆಗೆ ಇದ್ಯಾವುದರ ಪರಿವೆಯಿಲ್ಲ. ಶರತ್ಕಾಲಕ್ಕೆ ಹಸುಗಳು ಬೆಟ್ಟದ ಮೇಲಿನ ಹುಲ್ಲುಗಾವಲಿನಿಂದ ಇಳಿದು ಬರುತ್ತವೆ, ಬೇಸಿಗೆಯ ಚೀಸ್ ಆಗ ಕತ್ತರಿಸುತ್ತೇವೆ, ಆಗ ಬನ್ನಿ ಎಂದಳು. "ಬರುತ್ತೀರಾ ಎಂದು ಕೇಳುತ್ತಿದ್ದಾರೆ" ಎಂದರು ಟೀಚರ್.

ಆ ಕ್ಷಣಕ್ಕೆ ಸರಿಯಾದ ಉತ್ತರ ಏನೆಂದು ನನಗೆ ಗೊತ್ತಿತ್ತು. ವರದಿ ಕಳಿಸಿದ ಮೇಲೆ ಈ ಗುತ್ತಿಗೆ ಮುಗಿಯುತ್ತದೆ, ನನ್ನನ್ನು ಅಲ್ಲಿಗೆ ಕಳಿಸುವವರು ಯಾರೂ ಇರುವುದಿಲ್ಲ, ಒಂದು ಸಂಬಳದ ಮನೆಯಿಂದ ಚೀಸ್ ತಿನ್ನಲು ಯುರೋಪಿಗೆ ಯಾರೂ ಹೋಗುವುದಿಲ್ಲ. ಆದರೆ ಒಂದೇ ಸಲ ಕೇಳುವುದು ಎಂದು ಈಗಷ್ಟೇ ಹೇಳಿದ್ದರು. ಬರುತ್ತೇನೆ ಎಂದೆ. ಕೇಳಿದ ಕೂಡಲೇ, ಮಗಳು ಐಸ್‌ಕ್ರೀಮ್ ಅಂಗಡಿಯಲ್ಲಿ ಹೇಳುವ ಹಾಗೆ.

ಫೋನಿಟ್ಟ ಮೇಲೆ ಗಂಡ ಏನೂ ತಮಾಷೆ ಮಾಡಲಿಲ್ಲ. ನನ್ನ ಆರಿದ ಕಾಫಿ ತೆಗೆದುಕೊಂಡು ಹೋಗಿ ಬಿಸಿ ಮಾಡಿ ತಂದಿಟ್ಟರು.

ಸಹೋದ್ಯೋಗಿ ವಾಪಸ್ಸು ಬಂದ ಮೇಲೆ ನಮ್ಮ ನಡುವೆ ಒಂದು ಬಿಗಿ ಇತ್ತು. ಒಂದು ದಿನ ಲಿಫ್ಟಿನಲ್ಲಿ ನಾವಿಬ್ಬರೇ ಇದ್ದಾಗ, "ಒಂದು ಮಾತು ಕೇಳಿದ್ದರೆ ನಾನು ವಾಪಸ್ಸು ಕೊಡುತ್ತಿದ್ದೆ" ಎಂದರು. "ಗೊತ್ತು, ಅದಕ್ಕೇ ಕೇಳಲಿಲ್ಲ" ಎಂದೆ. ಅವರು ತಲೆಯಾಡಿಸಿದರು. ಅವರ ಕೆಲಸ ಉಳಿಯಿತು, ಅದು ನನಗೆ ನಿಜವಾಗಿ ಸಂತೋಷವೇ. ವರದಿಯಲ್ಲಿ ಆಕೆಯ ಕೋಣೆ, ನೆರವಿಲ್ಲದೆಯೂ ಆಗುತ್ತಿದ್ದ ಕೆಲಸಗಳ ಸಾಲಿಗೆ ಸೇರಿತು. ಮೂರು ಸಲ ಕೇಳಿ ಖಚಿತಪಡಿಸಿಕೊಂಡ ಉತ್ತರ ಇಡೀ ವರದಿಯಲ್ಲಿ ಅದೊಂದೇ ಇದ್ದಿರಬೇಕು.

ಬೇಸಿಗೆ ಕಳೆಯಿತು. ಶಿಕಾಗೋದವರು ನನ್ನ ಕೆಲಸವನ್ನು ಅರ್ಧ ದಿನಕ್ಕೆ ಇಳಿಸಿದರು, ಸೋಮವಾರದ ಡ್ರೈವ್ ನಿಂತಿತು. ಗಂಡನಿಗೆ ಎರಡು ಇಂಟರ್‌ವ್ಯೂ ಬಂದವು, ಎರಡೂ ಕೈ ಹಿಡಿಯಲಿಲ್ಲ. ನಾನು ಆ ಹೆಂಗಸನ್ನು ಮರೆತಿರಲಿಲ್ಲ. ಆದರೆ ಅವಳು ನನ್ನನ್ನು ಮರೆತಿರುತ್ತಾಳೆ ಎಂದುಕೊಂಡಿದ್ದೆ. ಫೋನಿನಲ್ಲಿ ಬನ್ನಿ ಎನ್ನುತ್ತಾರೆ, ಬರುತ್ತೇವೆ ಎನ್ನುತ್ತೇವೆ, ನೋವೈಯಲ್ಲಿ ನಾವು ಪ್ರತಿ ಭಾನುವಾರ ಎಷ್ಟು ಮನೆಗೆ ಹಾಗೆ ಹೇಳುವುದಿಲ್ಲ?

ಮರದ ಎಲೆಗಳು ಕೆಂಪಾಗುವ ಹೊತ್ತಿಗೆ ಒಂದು ಬೆಳಗ್ಗೆ ಫೋನ್ ಬಂತು. ಆ ಟೀಚರ್. ತಾನು ಬೆಟ್ಟದ ಆ ಮನೆಯಲ್ಲೇ ಇದ್ದೇನೆ ಎಂದರು. ಹಸುಗಳು ಇಳಿದು ಬಂದಿವೆಯಂತೆ. ಆಕೆ ನನಗಾಗಿ ಅಟ್ಟದ ಕೋಣೆಗೆ ಸುಣ್ಣ ಹೊಡೆಸಿ ಮಂಚ ಹಾಕಿಸಿದ್ದಾಳಂತೆ. ಬೇಸಿಗೆಯ ಚೀಸಿನಲ್ಲಿ ಒಂದನ್ನು ಕತ್ತರಿಸದೆ ಹಾಗೇ ಇಟ್ಟಿದ್ದಾಳಂತೆ. ಯಾವ ದಿನ ಬರುತ್ತೀರಿ ಎಂದು ಕೇಳುತ್ತಿದ್ದಾರೆ ಎಂದರು.

"ಅವರಿಗೆ ತುಂಬಾ ಥ್ಯಾಂಕ್ಸ್ ಹೇಳಿ. ಈ ವರ್ಷ ಸ್ವಲ್ಪ ಕಷ್ಟ. ಮುಂದೆ ನೋಡೋಣ, ಅನುಕೂಲವಾದಾಗ ಖಂಡಿತ" ಎಂದು ಶುರುಮಾಡಿದೆ.

ಟೀಚರ್ ಅದನ್ನು ಆಕೆಗೆ ತಿರುಗಿಸಿ ಹೇಳಲಿಲ್ಲ. "ಹಾಗೆ ಹೇಳಿದರೆ ಇವರಿಗೆ ಅರ್ಥವಾಗುವುದಿಲ್ಲ" ಎಂದರು, ಮೃದುವಾಗಿಯೇ. "ಮಂಚ ಹಾಗೇ ಇಟ್ಟುಕೊಂಡು ಕಾಯುತ್ತಾರೆ. ನಾನು ಬರುತ್ತಾರೆ ಎನ್ನಲೋ, ಇಲ್ಲ ಎನ್ನಲೋ?"

ಗಂಡ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಹೋಗಿ ಬಾ ಎಂದು ಹೇಳಲು ಅವರಲ್ಲಿ ಏನೂ ಉಳಿದಿರಲಿಲ್ಲ, ಅದು ನನಗೆ ಗೊತ್ತು ಎಂದು ಅವರಿಗೂ ಗೊತ್ತಿತ್ತು.

"ಇಲ್ಲ ಅಂತ ಹೇಳಿ" ಎಂದೆ.

ಟೀಚರ್ ಫೋನು ಕೈಯಲ್ಲಿ ಹಿಡಿದೇ ಆಕೆಗೆ ಹೇಳಿದರು. ಅವರ ಭಾಷೆಯ ಒಂದು ಚಿಕ್ಕ ಪದ, ಅಷ್ಟೇ ಕೇಳಿಸಿತು. ನಾನು ರಿಸೀವರನ್ನು ಕಿವಿಗೆ ಒತ್ತಿ ಹಿಡಿದು ಕಾದೆ. ಅದೆಂಥದ್ದು, ಒಂದೆರಡು ದಿನಕ್ಕಾದರೂ ಬನ್ನಿ ಎಂದು ಆಕೆ ಇನ್ನೊಂದೇ ಒಂದು ಸಲ ಕರೆದಿದ್ದರೆ, ಮನೆ ಮಠ ಏನನ್ನೂ ನೋಡದೆ ಹೂಂ ಎಂದುಬಿಡುತ್ತಿದ್ದೆ. ಅತ್ತ ಕಡೆ ಕುರ್ಚಿ ಸರಿದ ಸದ್ದಾಯಿತು. ಬಾಗಿಲು ತೆರೆದು ಮುಚ್ಚಿತು.

"ಸರಿ ಎಂದರು" ಎಂದರು ಟೀಚರ್. "ಚೀಸ್ ಕತ್ತರಿಸಲು ಹೋದರು."